ಇಲ್ಲದ ಹಕ್ಕಿ

ಈ ವಸಂತದ ಹಕ್ಕಿ ನೋಡುವ ನಡಿಗೆಗೆ ತಾನು ಒಪ್ಪಿಕೊಳ್ಳಬಾರದಿತ್ತು ಎಂದು ವೆಲ್ಡಾಗೆ ಅನ್ನಿಸಿದ್ದು ಕಾರು ಡಾಂಬರು ಬಿಟ್ಟು ಜಲ್ಲಿರಸ್ತೆಗೆ ಇಳಿದ ಮೇಲೆ. ಹಾಗೆ ನೋಡಿದರೆ ಹೋದ ವರ್ಷವೂ ಇದೇ ತಿರುವಿನಲ್ಲಿ ಹಾಗೇ ಅನ್ನಿಸಿತ್ತು, ಆದರೂ ಹೋಗಿದ್ದಳು, ಹೇಗೋ ಪಾರಾಗಿ ಬಂದಿದ್ದಳು, ಯಾರಿಗೂ ಗೊತ್ತಾಗಿರಲಿಲ್ಲ. ಗಂಡ ಓರಿನ್ ಕಾರು ಓಡಿಸುತ್ತಿದ್ದ. ಎರಡೂ ಕಡೆ ಬೂದಿಬಣ್ಣದ ಸೇಜ್ ಪೊದೆಗಳು, ಅವುಗಳಾಚೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿದ್ದ ಚೌಳು ನೆಲ, ಅದರಾಚೆ ಕೆರೆಯ ನೀರಿನ ಒಂದು ಗೆರೆ. ಓರೆಗಾನ್‌ನ ಈ ಮೂಲೆಯಲ್ಲಿ ಮೇ ತಿಂಗಳು ಬಂದರೂ ಬೆಳಗಿನ ಹೊತ್ತು ಕೈ ಮರಗಟ್ಟುತ್ತದೆ. ಅವಳು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು, ಚಳಿಗೆ ಎಂದುಕೊಂಡಳು, ಚಳಿಗಲ್ಲ ಎಂದು ಅವಳಿಗೇ ಗೊತ್ತಿತ್ತು. ಊರಿನ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು. ಹಿಂದಿನ ಸಾಲಿನಲ್ಲಿ ಯಾವ ಮಗು ಅರ್ಧ ಶ್ರುತಿ ಇಳಿದಿದೆ ಎಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದಳು. ಪಕ್ಷಿಧಾಮದವರು ನಡಿಗೆ ನಡೆಸಿಕೊಡಲು ಅವಳನ್ನು ವರ್ಷ ವರ್ಷ ಕರೆಯುತ್ತಿದ್ದುದೂ ಆ ಕಿವಿಗಾಗಿ. ಈಗ ಆ ಕಿವಿಯಲ್ಲಿ ಮೇಲಿನ ಸ್ವರಗಳು ಇರಲಿಲ್ಲ. ಎರಡು ವಸಂತಗಳ ಹಿಂದೆ ಸಣ್ಣ ಹಕ್ಕಿಗಳು ಒಂದೊಂದಾಗಿ ಮಾತು ನಿಲ್ಲಿಸಿದವು, ಈ ವರ್ಷ ಬಂದಿಲ್ಲವೇನೋ ಎಂದುಕೊಂಡಳು, ಹವಾಮಾನ ಕೆಟ್ಟಿದೆ ಎಂದು ನಾಲ್ಕು ಜನರ ಹತ್ತಿರ ಹೇಳಿಯೂ ಹೇಳಿದಳು. ಆಮೇಲೆ ಒಂದು ಮಧ್ಯಾಹ್ನ ಓವನ್ನಿನಲ್ಲಿ ಕೇಕು ಸುಟ್ಟು ಕರಕಲಾಯಿತು. ಗಂಟೆ ಬಾರಿಸಲೇ ಇಲ್ಲ ಎಂದು ಅವಳು ಓವನ್ನನ್ನು ಬೈದಳು, ಹೌದು ಬಾರಿಸಲಿಲ್ಲ ಎಂದು ಓರಿನ್ ಕೂಡ ಬೈದ. ಕಿಟಕಿ ತೆರೆಯಲು ಬಂದ ಪಕ್ಕದ ಮನೆಯವಳು ಮಾತ್ರ, "ಅಯ್ಯೋ ಮಾರಾಯ್ತಿ, ಅದು ಆಗಿಂದ ಬಡ್ಕೊಳ್ತಾ ಇದೆಯಲ್ಲ" ಎಂದಳು.

ಓರಿನ್‌ಗೆ ಕೇಳಿಸುವುದಿಲ್ಲ ಎಂಬುದು ಹಳೆಯ ಸಂಗತಿ. ಜೀವಮಾನವೆಲ್ಲ ಜಿಲ್ಲೆಯ ಜಲ್ಲಿರಸ್ತೆಗಳನ್ನು ಮಟ್ಟಮಾಡುವ ಯಂತ್ರದ ಮೇಲೆ ಕೂತವನು, ಇಂಜಿನ್ನಿನ ಸದ್ದು ಅವನ ಕಿವಿಯನ್ನು ನಿಧಾನಕ್ಕೆ ತಿಂದುಹಾಕಿತ್ತು. ಈ ರಸ್ತೆಯನ್ನೂ ಅವನೇ ಎಷ್ಟು ಸಲ ಕೆರೆದು ಹರವಿದ್ದನೋ. ಈಗಲೂ ಗುಂಡಿ ಬಂದಾಗ ತನ್ನದೇ ತಪ್ಪು ಎಂಬಂತೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಧಾಮದ ಹಳೆಯ ಕಚೇರಿಯ ಮುಂದೆ, ಕಾಟನ್‌ವುಡ್ ಮರಗಳ ನೆರಳಿಗೆ ಕಾರು ನಿಲ್ಲಿಸಿ, ಎಂದಿನಂತೆ ಮೂತಿಯನ್ನು ಕೊಳದ ಕಡೆ ತಿರುಗಿಸಿ, ಇಂಜಿನ್ ಆರಿಸಿದ.

"ನೀನು ಹೋಗ್ಬಾ. ನಾನಿಲ್ಲೇ ಇರ್ತೀನಿ" ಎಂದ.

"ಚಳಿ ಆಗಲ್ವಾ?"

"ಒಳಗೇ ಕೂತಿರ್ತೀನಲ್ಲ. ನನ್ನ ಮಂಡಿ ಕಥೆ ಗೊತ್ತಲ್ಲ ನಿಂಗೆ" ಎಂದು ಪತ್ರಿಕೆ ಬಿಚ್ಚಿದ. ಅವಳು ಇಳಿದು ಬಾಗಿಲು ಹಾಕಿದಳು.

ಮರಗಳ ಕೆಳಗೆ ಜನ ಸೇರಿದ್ದರು. ದೊಡ್ಡ ಕ್ಯಾಮೆರಾ ಹೊತ್ತ ಒಬ್ಬ ದಂತವೈದ್ಯ, ಒಂದೇ ಬಣ್ಣದ ಟೋಪಿ ಹಾಕಿದ ಇಬ್ಬರು ಅಕ್ಕತಂಗಿಯರು, ಇನ್ನೂ ಒಂದಿಬ್ಬರು, ಮತ್ತು ಪಕ್ಕದ ಐಡಹೋ ರಾಜ್ಯದಿಂದ ಪಿಕಪ್ಪಿನಲ್ಲಿ ಬಂದಿದ್ದ ಒಂದು ಮುದಿ ಜೋಡಿ. ಗಂಡಸು ಗಸ್, ಆಲೂಗಡ್ಡೆ ಬೆಳೆಯುತ್ತಿದ್ದವನು, ಪ್ಯಾಂಟಿಗೆ ಹೆಗಲ ಮೇಲಿಂದ ಎರಡು ಪಟ್ಟಿ ಹಾಕಿಕೊಂಡಿದ್ದ. ಹೆಂಡತಿ ಫರ್ನ್ ಅವನ ತೋಳು ಬಿಡದೆ ಹಿಡಿದಿದ್ದಳು. ಹಿಡಿದಿರುವುದು ಪ್ರೀತಿಗೋ ಜಾಗರೂಕತೆಗೋ ವೆಲ್ಡಾಗೆ ತಿಳಿಯಲಿಲ್ಲ. ಈ ನಡಿಗೆಗೆ ಹೆಸರು ಬರೆಸುವ ಪದ್ಧತಿಯಿಲ್ಲ, ಬಂದವರು ಬಂದರು, ಹೋದವರು ಹೋದರು. ಅವಳು ಯಾವಾಗಲೂ ಹೇಳುವ ಮಾತನ್ನೇ ಹೇಳಿದಳು: ಹಕ್ಕಿ ಕಂಡರೂ ಲೆಕ್ಕವೇ, ಬರೀ ಕೇಳಿಸಿದರೂ ಲೆಕ್ಕವೇ, ಒಬ್ಬರು ಕೇಳಿದೆ ಅಂದರೆ ಉಳಿದವರು ನಂಬಬೇಕು, ಹಕ್ಕಿ ನೋಡುವವರಲ್ಲಿ ಅದೇ ರಿವಾಜು. ನಂಬಿಕೆಯ ಮೇಲೆ ನಡೆಯುವ ಆಟವನ್ನು ನಂಬಿಕೆಗೆಟ್ಟವಳೇ ಶುರು ಮಾಡಿಸುತ್ತಿದ್ದಾಳಲ್ಲ ಎಂದು ತನ್ನ ಬಗ್ಗೆಯೇ ಅಸಹ್ಯವಾಯಿತು, ಆದರೆ ಆ ಅಸಹ್ಯವೂ ಅಭ್ಯಾಸವಾಗಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಗಟ್ಟಿ ಗಂಟಲಿನ ಹಕ್ಕಿಗಳ ಯೋಚನೆಯಿರಲಿಲ್ಲ. ಹುಲ್ಲುಗಾವಲಿನಲ್ಲಿ ಕ್ರೌಂಚಗಳು ಕೂಗಿದವು, ಜೊಂಡಿನ ಮೇಲೆ ಹಳದಿ ತಲೆಯ ಕರಿಹಕ್ಕಿಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟಿದವು, ಅವನ್ನೆಲ್ಲ ಅವಳು ಸಲೀಸಾಗಿ ಹೇಳಿದಳು. ಸಣ್ಣವುಗಳಿಗೆ ಒಂದು ಉಪಾಯ ಮಾಡಿಕೊಂಡಿದ್ದಳು. ಜನರ ಮುಖ ನೋಡುವುದು. ಯಾರದಾದರೂ ತಲೆ ಒಂದು ಕಡೆ ತಿರುಗಿದರೆ ತಾನೂ ಆ ಕಡೆ ತಿರುಗಿ, ಮರ ನೋಡಿ, ತಿಂಗಳು ನೋಡಿ, ಅಲ್ಲಿ ಇರಬೇಕಾದ ಹಕ್ಕಿಯ ಹೆಸರು ಹೇಳುವುದು. ಹತ್ತಕ್ಕೆ ಒಂಬತ್ತು ಸಲ ಸರಿಯಾಗುತ್ತಿತ್ತು. ಇವತ್ತು ಆ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ತಿರುಗುತ್ತಿದ್ದ ತಲೆ ಗಸ್‌ನದು. ಕೊಳದ ಏರಿಯ ಮೇಲೆ ನಡೆಯುವಾಗ ಅವನು ಥಟ್ಟನೆ ನಿಂತ, ಗದ್ದ ಮೇಲೆತ್ತಿ ಹುಳಿಹಣ್ಣಿನ ಪೊದೆಗಳ ಕಡೆ ಮುಖ ಮಾಡಿದ, ಇನ್ನೂ ಬಾಯಿ ತೆರೆದಿರಲಿಲ್ಲ. "ವ್ಯಾಕ್ಸ್‌ವಿಂಗ್" ಎಂದಳು ವೆಲ್ಡಾ. ಎರಡು ನಿಮಿಷದ ಮೇಲೆ ಹಕ್ಕಿಗಳೇ ಹಾರಿ ಹೊರಬಂದವು, ನುಣುಪು ಕಂದು ಮೈ, ಕಣ್ಣಿಗೆ ಕಪ್ಪು ಪಟ್ಟಿ. ಅಕ್ಕತಂಗಿಯರು ಚಪ್ಪಾಳೆ ತಟ್ಟಿದರು. "ಕಿವಿ ಅಂದ್ರೆ ನಿಮ್ಮದು ಮೇಡಂ" ಎಂದ ದಂತವೈದ್ಯ. ಗಸ್ ಕೂಡ ನಕ್ಕು, "ನಾನು ಏನೋ ಒಂದು ಕೇಳಿಸ್ತಲ್ಲ ಅಂತಿದ್ದೆ, ನೀವು ಹೆಸರೇ ಹೇಳ್ಬಿಟ್ರಿ" ಎಂದ. ಅವಳು ಆ ಹೊಗಳಿಕೆಯನ್ನು ತೆಗೆದುಕೊಂಡಳು. ನಾಚಿಕೆ ಎನ್ನುವುದು ಮನುಷ್ಯರಿಗೆ ಎಷ್ಟು ತಡವಾಗಿ ಬರುತ್ತದೆ ಎಂದು ಆಮೇಲೆ ಅಂದುಕೊಂಡಳು. ಆ ಕ್ಷಣಕ್ಕೆ ಬಂದದ್ದು ಸಂತೋಷವೇ.

ಕಾಟನ್‌ವುಡ್ ಸಾಲಿಗೆ ವಾಪಸು ಬಂದಾಗ ಬಿಸಿಲು ತೊಗಟೆಯ ಮೇಲೆ ಬಿದ್ದಿತ್ತು. ಮೂರನೇ ಮರ. ಆ ಮರದಲ್ಲಿ ಪ್ರತಿ ವಸಂತ ಉತ್ತರಕ್ಕೆ ಹೋಗುವ ದಾರಿಯಲ್ಲಿ ಒಂದು ಕ್ರೀಪರ್ ಹಕ್ಕಿ ತಂಗುತ್ತದೆ, ಹೆಬ್ಬೆರಳಿಗಿಂತ ಚೂರು ದೊಡ್ಡದು, ತೊಗಟೆಯದೇ ಬಣ್ಣ, ಕಾಂಡಕ್ಕೆ ಕಚ್ಚಿಕೊಂಡು ಮೇಲೇರುತ್ತ ದಾರದಂಥ ತೆಳುವಾದ ಸ್ವರದಲ್ಲಿ ಹಾಡುತ್ತದೆ. ಆ ಹಾಡು ಕೇಳಲೆಂದೇ ಕೆಲವರು ಬರುವುದುಂಟು. ವೆಲ್ಡಾ ನಿಂತಳು. ಕೊಂಬೆ ಕವಲಿನ ಹತ್ತಿರ ಏನೋ ಅಲುಗಿತು. ಯಾರ ಮುಖವನ್ನೂ ನೋಡಲಿಲ್ಲ, ಕಾಯಲಿಲ್ಲ, ವ್ಯಾಕ್ಸ್‌ವಿಂಗಿನ ಸಂತೋಷ ಇನ್ನೂ ಮೈಮೇಲಿತ್ತು, ಕೈ ಎತ್ತಿದಳು.

"ಶ್. ಕ್ರೀಪರ್. ಕೇಳಿ, ಹಾಡ್ತಾ ಇದೆ."

ಎಲ್ಲರೂ ಉಸಿರು ಹಿಡಿದರು. ಟೋಪಿಯ ಅಕ್ಕ ತಲೆಯಾಡಿಸಿದಳು, ಅದನ್ನು ನೋಡಿ ತಂಗಿ. "ಆಹಾ, ಎಷ್ಟು ಸಣ್ಣ ಸ್ವರ" ಎಂದ ದಂತವೈದ್ಯ. "ಹೂಂ, ಹೌದು ಹೌದು" ಎಂದಳು ಫರ್ನ್. ಗಸ್ ಮಾತ್ರ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನಿಂತಿದ್ದ.

"ನಂಗೇನೂ ಕೇಳಿಸ್ತಿಲ್ವಲ್ಲ" ಎಂದ.

"ನಿಂಗೆ ಯಾವತ್ತು ಏನು ಕೇಳಿಸಿದೆ ಹೇಳು" ಎಂದಳು ಫರ್ನ್. ಒಂದಿಬ್ಬರು ನಕ್ಕರು.

"ಇಲ್ಲ ಕಣೇ, ನಿಜವಾಗ್ಲೂ. ಗಾಳಿ ಬಿಟ್ರೆ ಏನೂ ಇಲ್ಲ."

"ಸ್ವಲ್ಪ ಗಮನ ಕೊಟ್ಟು ಕೇಳಿ ಸಾರ್" ಎಂದಳು ವೆಲ್ಡಾ. ಅದು ಹಿಂದಿನ ಸಾಲಿನ ಮಕ್ಕಳಿಗೆ ಹೇಳುತ್ತಿದ್ದ ದನಿ, ತಾನಾಗಿ ಬಂತು. "ಕಣ್ಣು ಮುಚ್ಚಿ ಕೇಳಿ."

ಅವನು ವಿಧೇಯನಾಗಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನ ಆ ಮುಖದಲ್ಲಿ ಮೊದಲು ಪ್ರಯತ್ನ ಇತ್ತು, ಆಮೇಲೆ ಕಾಯುವುದು, ಆಮೇಲೆ ನಿಧಾನಕ್ಕೆ ಹೆದರಿಕೆ. ಈ ಮುಖವನ್ನು ತಾನು ನೋಡಿದ್ದೇನೆ ಎಂದು ವೆಲ್ಡಾಗೆ ಅನ್ನಿಸಿತು. ವರ್ಷಗಳ ಹಿಂದೆ ಒಂದು ವಸಂತದಲ್ಲಿ ಓರಿನ್ ಇದೇ ಮರದ ಕೆಳಗೆ ನಿಂತಿದ್ದ. ಆ ವಸಂತದಲ್ಲಿ ಅವಳಿಗೆ ಅವನ ಮೇಲೆ ಸಿಟ್ಟಿತ್ತು, ಇಂಥದ್ದೇ ಕಾರಣ ಎಂದಿಲ್ಲ, ಕರೆದರೆ ತಿರುಗುವುದಿಲ್ಲ, ಹೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುತ್ತಾನೆ, ಹಕ್ಕಿ ಹಾಡುವಾಗ ಬೂಟು ಎಳೆದು ಸದ್ದು ಮಾಡಿಕೊಂಡು ನಡೆಯುತ್ತಾನೆ, ಇವನಿಗೆ ತನ್ನ ಕಡೆ ಲಕ್ಷ್ಯವೇ ಇಲ್ಲ ಎಂಬ ಸಿಟ್ಟು. ಅಷ್ಟು ಜನರ ಮುಂದೆ, ನಗುನಗುತ್ತ, "ಓರಿನ್, ಕ್ರೀಪರ್ ಕೇಳಿಸ್ತಾ?" ಎಂದಿದ್ದಳು. ಅವನು ಗುಂಪಿನ ಮುಖಗಳನ್ನೆಲ್ಲ ಒಮ್ಮೆ ನೋಡಿ, "ಹೂಂ, ಚೆನ್ನಾಗಿ ಹಾಡ್ತಿದೆ" ಎಂದಿದ್ದ. "ಅಲ್ಲಿ ಕ್ರೀಪರ್ರೇ ಇಲ್ಲ ಕಣೋ, ಸುಮ್ನೆ ಕೇಳ್ದೆ" ಎಂದಿದ್ದಳು. ಜನ ಬಿದ್ದು ಬಿದ್ದು ನಕ್ಕರು. ಓರಿನ್ ಕೂಡ ನಕ್ಕ, ಎಲ್ಲರೂ ನಿಲ್ಲಿಸಿದ ಮೇಲೂ ಅವನೊಬ್ಬ ಸ್ವಲ್ಪ ಹೊತ್ತು ನಗುತ್ತಲೇ ಇದ್ದ. ಮುಂದಿನ ವಸಂತಕ್ಕೆ ಮಂಡಿ ನೋವು ಬಂತು. ಮನೆಯಲ್ಲಿ ಏಣಿ ಹತ್ತಿ ಚಾವಣಿ ರಿಪೇರಿ ಮಾಡುವ ಮಂಡಿ, ಧಾಮದ ಹತ್ತಿರ ಬಂದರೆ ಮಾತ್ರ ನೋಯುತ್ತಿತ್ತು, ಅದನ್ನು ಅವಳು ನಂಬಿದಳು, ನಂಬುವುದು ಅನುಕೂಲವಾಗಿತ್ತು.

"ಇಲ್ಲ ಮೇಡಂ" ಎಂದ ಗಸ್, ಕಣ್ಣು ತೆರೆದು. "ನನಗೆ ಹೋಯ್ತು ಅನ್ಸುತ್ತೆ."

"ನಾಳೆನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ ಇವನ್ನ" ಎಂದು ಫರ್ನ್ ಎಲ್ಲರಿಗೂ ಕೇಳುವಂತೆ ಹೇಳಿದಳು. ಗುಂಪು ಮುಂದೆ ಸಾಗಿತು. ವೆಲ್ಡಾ ಆಗ ದುರ್ಬೀನು ಎತ್ತಿ ಕವಲಿನ ಕಡೆ ನೋಡಿದಳು. ಅರ್ಧ ಕಿತ್ತುಬಂದ ತೊಗಟೆಯ ಚೂರೊಂದು ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು. ಕಾಂಡದ ಬುಡದಿಂದ ತುದಿಯವರೆಗೆ, ಹಿಂದಿನ ಮರ, ಮುಂದಿನ ಮರ, ಎಲ್ಲ ನೋಡಿದಳು. ಹಕ್ಕಿ ಇರಲಿಲ್ಲ. ಅಷ್ಟು ಜನರ ಗುಂಪಿನಲ್ಲಿ ನಿಜವಾಗಿ ಕಿವಿಯಿದ್ದ ಒಬ್ಬನೇ ಒಬ್ಬ, ಇಲ್ಲದ್ದನ್ನು ಇಲ್ಲ ಎಂದಿದ್ದ.

ಆಗಲೇ ಹೇಳಬಹುದಿತ್ತು. ಎರಡು ಮಾತು: ನಿಲ್ಲಿ, ನನ್ನ ತಪ್ಪು. ಇಷ್ಟನ್ನು ಮನಸ್ಸಿನಲ್ಲಿ ಹೇಳಿಕೊಂಡು ನೋಡಿದಳು, ಸುಲಭವಾಗಿಯೇ ಇತ್ತು. ಆದರೆ ಅದರ ಹಿಂದೆಯೇ ಬರುವ ಮಾತುಗಳೂ ಕಾಣಿಸಿದವು. ಅಯ್ಯೋ ಪಾಪ ಎನ್ನುವ ಅಕ್ಕತಂಗಿಯರು, ಮುಂದಿನ ವರ್ಷ ಧಾಮದವರ ಸೌಜನ್ಯದ ಫೋನು, ಬೇರೆ ಯಾರೋ ಹುಡುಗಿ ಮುಂದೆ ನಡೆಯುವುದು, ತಾನು ಆ ಕೊಳದ ಕಡೆ ಮೂತಿ ಮಾಡಿದ ಕಾರಿನಲ್ಲಿ. ಕೊಳದ ಬೆಂಚಿನ ಹತ್ತಿರ ಉಳಿದವರೆಲ್ಲ ಹೆಬ್ಬಾತಿನ ಮರಿಗಳನ್ನು ನೋಡುತ್ತಿದ್ದಾಗ ಗಸ್ ಕೈಯಿಂದ ಬೆಂಚು ತಡವಿ ಅವಳ ಪಕ್ಕ ಕೂತ. ಅವನ ಕುತ್ತಿಗೆಯಲ್ಲಿ ದುರ್ಬೀನಿಲ್ಲ ಎಂಬುದನ್ನು ಅವಳು ಆಗಲೇ ಗಮನಿಸಿದ್ದು.

"ನೀವು ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮ ನಡಿಗೆ ಚೆನ್ನಾಗಿತ್ತು" ಎಂದ. "ನಂಗೆ ಕಣ್ಣು ಹೋಗ್ತಾ ಇದೆ. ನಡುವಿನ ಭಾಗ ಪೂರ್ತಿ ಮಂಜು. ಈಗ ನಿಮ್ಮ ಮುಖನೂ ಬರೀ ಒಂದು ಮಬ್ಬು, ಚೆನ್ನಾಗಿದ್ರೆ ಹೇಳಿ. ಟ್ರಾಕ್ಟರ್ ಬಿಡು ಅಂದ್ರು, ಬಿಟ್ಟೆ. ಗಾಡಿ ಬಿಡು ಅಂದ್ರು, ಬಿಟ್ಟೆ. ಆಮೇಲೆ ಒಂದಿನ ಹಿತ್ತಿಲಲ್ಲಿ ಕೂತಾಗ ಅನ್ನಿಸ್ತು, ಅರೆ, ಕಿವಿ ಇದೆಯಲ್ಲ. ಚಳಿಗಾಲ ಪೂರ್ತಿ ಕೂತು ಕಲಿತೆ. ಹಕ್ಕಿ ದನಿ ಹಾಕಿ ಹಾಕಿ ಫರ್ನ್ ತಲೆ ತಿಂದುಬಿಟ್ಟೆ."

"ಒಳ್ಳೇದಲ್ವಾ" ಎಂದಳು ವೆಲ್ಡಾ.

"ಈಗ ಇದೂ ಇಷ್ಟೇ ಅಂತ ಆಯ್ತಲ್ಲ." ಅವನು ಅಂಗೈಯಿಂದ ಮಂಡಿ ಉಜ್ಜಿಕೊಂಡ. "ಎಲ್ಲರಿಗೂ ಕೇಳಿಸಿದ್ದು ನಂಗೆ ಕೇಳಿಸ್ಲಿಲ್ಲ ಅಂದ್ರೆ ಇನ್ಯಾಕೆ ತಿರುಗೋದು, ಅವಳಿಗೂ ಕಷ್ಟ. ಡಾಕ್ಟರ ಹತ್ರ ಇನ್ನು ಹೋಗಲ್ಲ, ಅವರೂ ಬಿಡು ಅಂತಾನೇ ಹೇಳೋದು. ಮನೇಲಿ ಕುರ್ಚಿ ಇದೆ."

"ಹಾಗೇನಿಲ್ಲ, ಹಾಗೆಲ್ಲ ಅಂದ್ಕೋಬೇಡಿ" ಎಂದಳು ಅವಳು. ದಂತವೈದ್ಯ ಕ್ಯಾಮೆರಾ ಹಿಡಿದು ಇತ್ತ ಬರುತ್ತಿದ್ದ, ಅವನ ಕಾಲಡಿಯ ಜಲ್ಲಿ ಸದ್ದು ಮಾಡುತ್ತಿತ್ತು. ಅವಳು ಬೆಂಚಿನಿಂದ ಎದ್ದಳು, ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು. ಇವನು ಬಂದುಬಿಟ್ಟನಲ್ಲ ಎಂದು ದಂತವೈದ್ಯನ ಮೇಲೆ ಸಿಟ್ಟು ಬಂತು, ಬಂದನಲ್ಲ ಎಂದು ಸಮಾಧಾನವೂ ಆಯಿತು, ಆ ಸಮಾಧಾನಕ್ಕಾಗಿ ತನ್ನನ್ನು ತಾನು ಕ್ಷಮಿಸಲು ಅವಳಿಗೆ ಆಮೇಲೆ ಆಗಲೇ ಇಲ್ಲ.

ನಡಿಗೆ ಮುಗಿದು ಜನ ಧನ್ಯವಾದ ಹೇಳಿದರು. ಕೈ ಕುಲುಕಿದರು. ಅಕ್ಕತಂಗಿಯರು ಕ್ರೀಪರ್ ತಮ್ಮ ಜೀವನದಲ್ಲೇ ಮೊದಲ ಸಲ ಎಂದು ಅವಳನ್ನು ತಬ್ಬಿಕೊಂಡರು. ಒಬ್ಬೊಬ್ಬರೇ ಗಾಡಿ ಹತ್ತಿ ಹೊರಟ ಮೇಲೆ, ಕೊನೆಗೆ ಉಳಿದ ಪಿಕಪ್ಪಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿ ಅವಳು ಓಡಿದಳು. ಆ ವಯಸ್ಸಿನಲ್ಲಿ ಓಡುವುದು ಎಂದರೆ ಬೇಗ ನಡೆಯುವುದು, ಆದರೂ ಏದುಸಿರು ಬಂತು. ಫರ್ನ್ ಕಿಟಕಿ ಇಳಿಸಿದಳು. ಗಸ್ ಆಚೆ ಬದಿಯಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಕ್ರೀಪರ್ ಇರ್ಲಿಲ್ಲ" ಎಂದಳು ವೆಲ್ಡಾ. "ಅದು ತೊಗಟೆ ಚೂರು. ನಿಮ್ಮ ಯಜಮಾನ್ರಿಗೆ ಏನೂ ಆಗಿಲ್ಲ. ಕೇಳ್ಸದೆ ಇರೋದು ನನಗೆ. ಸಣ್ಣ ಹಕ್ಕಿ ಒಂದೂ ಕೇಳ್ಸಲ್ಲ ನನಗೆ, ಎರಡು ವರ್ಷ ಆಯ್ತು."

ಫರ್ನ್ ಮುಖ ಮೆತ್ತಗಾಯಿತು. "ಎಷ್ಟು ಒಳ್ಳೆಯವರು ಮೇಡಂ ನೀವು. ಇದನ್ನ ಹೇಳೋದಕ್ಕೆ ಓಡಿ ಬಂದ್ರಾ?"

"ಒಳ್ಳೆಯತನ ಅಲ್ಲ, ನಿಜ ಹೇಳ್ತಿದೀನಿ. ವ್ಯಾಕ್ಸ್‌ವಿಂಗ್ ಕೂಡ ಇವರು ತಿರುಗಿದ್ದು ನೋಡಿ ಹೇಳಿದ್ದು."

"ಅಷ್ಟು ಜನ ಕೇಳಿದ್ರಲ್ಲ ಮೇಡಂ" ಎಂದಳು ಫರ್ನ್, ಮಗುವಿಗೆ ಹೇಳುವ ಹಾಗೆ. "ನಾನೂ ಕೇಳಿದೆ. ಎಷ್ಟು ಚೆಂದ ಇತ್ತು."

"ಅವರೆಲ್ಲ ನನ್ನ ಮಾತಿಗೆ ತಲೆ ಆಡಿಸಿದ್ದು. ನೀವೂನೂ."

ಹಾಗೆ ಅನ್ನಬಾರದಿತ್ತು. ಫರ್ನ್ ಬೆನ್ನು ನೆಟ್ಟಗೆ ಮಾಡಿದಳು. "ನನ್ನ ಕಿವಿಗೆ ಏನೂ ಆಗಿಲ್ಲ" ಎಂದಳು, ದನಿ ಬೇರೆಯಾಗಿತ್ತು. ಗಸ್ ಹೆಂಡತಿಯ ಮುಂದಿನಿಂದ ಕೈ ಚಾಚಿ, ಕಿಟಕಿಯ ಅಂಚಿನ ಮೇಲಿದ್ದ ವೆಲ್ಡಾಳ ಬೆರಳುಗಳನ್ನು ಹುಡುಕಿ ತಟ್ಟಿದ.

"ಬಿಡಿ ಮೇಡಂ. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಅವಳ ಸಮಾಧಾನಕ್ಕೆ ನಾನೂ ಹೀಗೇ ಏನೇನೋ ಹೇಳ್ತಿದ್ದೆ. ದೇವರು ಒಳ್ಳೇದು ಮಾಡ್ಲಿ ನಿಮಗೆ."

ಪಿಕಪ್ ಹೊರಟಿತು. ಅದರ ಹಿಂದೆ ಎದ್ದ ಬಿಳಿ ಧೂಳು ಸೇಜ್ ಪೊದೆಗಳ ಮೇಲೆ ಕೂರುವವರೆಗೂ ಅವಳು ಅಲ್ಲೇ ನಿಂತಿದ್ದಳು. ಮರದ ಕೆಳಗೆ ಎಲ್ಲರ ಎದುರು ಹೇಳಿದ್ದರೆ ಅದು ನಿಜವಾಗಿರುತ್ತಿತ್ತು. ಇಲ್ಲಿ, ಒಬ್ಬಳೇ ಬಂದು ಹೇಳಿದ್ದರಿಂದ ಕರುಣೆಯಾಯಿತು. ಅವರ ಮನೆತನದ ಹೆಸರೇನು, ಐಡಹೋದಲ್ಲಿ ಯಾವ ಊರು, ಒಂದನ್ನೂ ಕೇಳಿರಲಿಲ್ಲ. ಅವಳು ಕಾರಿಗೆ ಬಂದು ಓರಿನ್ ಪಕ್ಕ ಕೂತಳು. ಅವನು ಪತ್ರಿಕೆ ಮಡಿಸಿಟ್ಟ, ಅವಳ ಮುಖ ನೋಡಿ, ಕೋಟಿನ ಜೇಬಿನಿಂದ ಕಿವಿಯ ಯಂತ್ರ ತೆಗೆದು ಹಾಕಿಕೊಂಡ, ಸಾವಿನ ಮನೆಗೂ ಚರ್ಚಿಗೂ ಮಾತ್ರ ಹಾಕುತ್ತಿದ್ದದ್ದು. ಅವಳು ಎಲ್ಲವನ್ನೂ ಹೇಳಿದಳು. ಗಸ್ ಟೋಪಿ ತೆಗೆದು ನಿಂತದ್ದು, ತೊಗಟೆ, ಬೆಂಚು, ಕಿಟಕಿ. ನನಗೆ ಕೇಳಿಸುವುದಿಲ್ಲ ಓರಿನ್ ಎಂದಳು, ಹೇಳುವಾಗ ಅವನ ಕಡೆ ನೋಡಲಾಗಲಿಲ್ಲ.

"ಗೊತ್ತು" ಎಂದ ಓರಿನ್.

"ಯಾವಾಗಿಂದ?"

"ಹೋದ ವರ್ಷದಿಂದ. ಇಲ್ಲಿಂದ ಎಲ್ಲ ಕಾಣುತ್ತಲ್ಲ. ಎಲ್ಲರ ತಲೆ ಮೇಲೆ ಹೋದಮೇಲೆ ನಿನ್ನ ತಲೆ ಹೋಗ್ತಿತ್ತು, ಒಂದು ಚೂರು ತಡವಾಗಿ. ನಾನೂ ಹಾಗೇ ಮಾಡ್ತಿದ್ನಲ್ಲ, ಗೊತ್ತಾಗಲ್ವಾ."

"ಮತ್ತೆ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಇವತ್ತು ನಾನು ಬರ್ತಾನೇ ಇರ್ಲಿಲ್ಲ. ಆ ಮನುಷ್ಯನಿಗೆ ಹೀಗಾಗ್ತಿರ್ಲಿಲ್ಲ." ಅವಳ ದನಿ ಏರಿತು. ತಪ್ಪನ್ನು ಅವನ ಕಡೆಗೆ ಸರಿಸಲು ನೋಡುತ್ತಿದ್ದೇನೆ ಎಂದು ತಿಳಿಯುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ. "ಆ ಮರದ ಕೆಳಗೆ ನಾನು ನಿಂಗೆ ಮಾಡಿದ್ದಕ್ಕಾ? ಅದಕ್ಕೆ ಸುಮ್ನಿದ್ಯಾ? ನಾನೂ ಒಂದಿನ ಸಿಕ್ಕಿಬೀಳ್ಲಿ ಅಂತ?"

ಆ ದಿನದ ಬಗ್ಗೆ ಅವರಿಬ್ಬರ ನಡುವೆ ಇಷ್ಟು ವರ್ಷ ಒಂದು ಮಾತೂ ಬಂದಿರಲಿಲ್ಲ.

"ಹೇಳಿದ್ರೆ ನೀನೂ ಇಲ್ಲಿ ಕಾರಲ್ಲಿ ಬಂದು ಕೂರ್ತಿದ್ದೆ" ಎಂದ. "ಇಲ್ಲಿ ಕೂರೋದು ಹೇಗಿರುತ್ತೆ ಅಂತ ನಂಗೆ ಗೊತ್ತು. ಇಬ್ಬರಲ್ಲಿ ಒಬ್ಬರಾದ್ರೂ ಹೊರಗಿರ್ಲಿ ಅಂತ ಸುಮ್ನಿದ್ದೆ."

ವೆಲ್ಡಾ ಅತ್ತಳು. ಓರಿನ್ ಸಮಾಧಾನ ಮಾಡಲು ಹೋಗಲಿಲ್ಲ, ಕಾರು ಶುರು ಮಾಡಿದ, ಆ ಪಿಕಪ್ ಸಿಕ್ಕೀತೇನೋ ಎಂದು ಹೆದ್ದಾರಿಯವರೆಗೂ ತಾನು ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದ. ಅಲ್ಲಿ ರಸ್ತೆ ಎರಡೂ ಕಡೆ ಖಾಲಿಯಾಗಿತ್ತು. ಐಡಹೋಗೆ ಈ ಕಡೆಯಿಂದಲೂ ಹೋಗಬಹುದು, ಆ ಕಡೆಯಿಂದಲೂ ಹೋಗಬಹುದು. ಅವನು ಇಂಜಿನ್ ಆರಿಸದೆ ಅಂಚಿನಲ್ಲಿ ನಿಲ್ಲಿಸಿ, ಎಡಕ್ಕೋ ಬಲಕ್ಕೋ ಎಂಬಂತೆ ಅವಳ ಕಡೆ ತಿರುಗಿದ. ಅವಳಿಗೆ ಗೊತ್ತಿರಲಿಲ್ಲ. ಎಲ್ಲೋ ಒಂದು ಊರಿನಲ್ಲಿ ಗಸ್ ನಾಳೆಯಿಂದ ಕುರ್ಚಿಯಲ್ಲಿ ಕೂರುತ್ತಾನೆ. ಹಿತ್ತಿಲಿನಲ್ಲಿ ಏನಾದರೂ ಸಣ್ಣಗೆ ಹಾಡಿದರೆ ಅದು ತನ್ನ ಭ್ರಮೆ ಎಂದುಕೊಳ್ಳುತ್ತಾನೆ. ಅವನ ಕಿವಿಗೆ ಏನೂ ಆಗಿಲ್ಲ ಎಂದು ಈ ಲೋಕದಲ್ಲಿ ಗೊತ್ತಿದ್ದವರು ಇಬ್ಬರೇ, ಆ ಇಬ್ಬರೂ ಈ ಕಾರಿನಲ್ಲಿ ಕೂತಿದ್ದರು.